ಸ್ವಾಧೀನ ಇಲ್ಲದ ಕೈ ಮೊದಲು

ನರ್ಸ್ ಅಸಿಸ್ಟೆಂಟ್ ಪರೀಕ್ಷೆಯ ಕೋಣೆಯಲ್ಲಿ ಒಂದು ಹಾಸಿಗೆ, ಒಂದು ಸಿಂಕು, ಸುತ್ತ ಎಳೆಯುವ ಪರದೆ, ಒಂದು ವೀಲ್‌ಚೇರು. ಪರೀಕ್ಷಕಿ ನನ್ನ ಕೈಗೆ ಒಂದು ಕಾರ್ಡ್ ಕೊಟ್ಟರು. ಅದರಲ್ಲಿ ಐದು ಕೆಲಸ ಬರೆದಿತ್ತು. ಮೊದಲನೆಯದು ಕೈ ತೊಳೆಯುವುದು, ಅದು ಎಲ್ಲರಿಗೂ ಬರುತ್ತದೆ. ಮಿಕ್ಕ ನಾಲ್ಕು ಯಾರಿಗೆ ಯಾವುದು ಅಂತ ಮೊದಲೇ ಗೊತ್ತಾಗುವುದಿಲ್ಲ. ನಾಡಿ ಎಣಿಸುವುದು ಮಾತ್ರ ಬೇಡ ಅಂತ ದಾರಿಯುದ್ದಕ್ಕೂ ಕೇಳಿಕೊಂಡು ಬಂದಿದ್ದೆ. ಪೂರ್ತಿ ಒಂದು ನಿಮಿಷ ಎಣಿಸಬೇಕು, ಪರೀಕ್ಷಕಿಯ ಲೆಕ್ಕಕ್ಕೂ ನಮ್ಮದಕ್ಕೂ 4ಕ್ಕಿಂತ ಜಾಸ್ತಿ ವ್ಯತ್ಯಾಸ ಬರಬಾರದು. ನನಗೆ ಎಣಿಸುವಾಗ ಎದುರಿನವರ ನಾಡಿಗಿಂತ ನನ್ನದೇ ಜೋರಾಗಿ ಕೇಳುತ್ತದೆ.

ಅದು ಬಂದಿರಲಿಲ್ಲ. ನಾಲ್ಕನೆಯ ಸಾಲಿನಲ್ಲಿ ಇದ್ದದ್ದು, ಬಲಗೈ ಸ್ವಾಧೀನ ಇಲ್ಲದವರಿಗೆ ಬಟ್ಟೆ ಹಾಕುವುದು.

ನಾನು ಅದನ್ನೇ ನೋಡುತ್ತಾ ನಿಂತೆ. ಅರ್ಥವಾಗಲಿಲ್ಲವೇನೋ ಅಂದುಕೊಂಡು ಪರೀಕ್ಷಕಿ "ಏನಾದರೂ ಕೇಳಬೇಕಾ?" ಅಂದರು. ಇಲ್ಲ ಅಂದೆ.

ಸ್ವಲ್ಪ ಹಿಂದಿನಿಂದ ಹೇಳಬೇಕು. ನಾನು ತಿಪಟೂರಿನವಳು, ಬಿ.ಕಾಂ. ಓದಿದವಳು. ಮದುವೆಯಾಗಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದೆ. ಎಚ್4 ವೀಸಾ ಅಂದರೆ ಗೊತ್ತಲ್ಲ, ಗಂಡ ಕೆಲಸ ಮಾಡಬಹುದು, ನಾವು ಸುಮ್ನೆ ಇರಬೇಕು. 2015ರ ಮೇ ತಿಂಗಳಿನಿಂದ ನಮ್ಮಂಥ ಕೆಲವರಿಗೆ, ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ, ಕೆಲಸದ ಪರವಾನಗಿ ಸಿಗತೊಡಗಿತು. ನನಗೂ ಸಿಕ್ಕಿತು. ಆದರೆ ಎಂಟು ವರ್ಷ ಮನೆಯಲ್ಲಿದ್ದವಳ ಬಿ.ಕಾಂ.ಗೆ ಯಾರು ಕೆಲಸ ಕೊಡುತ್ತಾರೆ? ಮಗಳ ಸ್ಕೂಲಿನ ಹತ್ತಿರ, ದೊಡ್ಡವರಿಗೆ ಕಲಿಸುವ ಅಡಲ್ಟ್ ಸ್ಕೂಲಿನಲ್ಲಿ ಸಿ.ಎನ್.ಎ. ಕೋರ್ಸ್ ಇತ್ತು. ಸರ್ಟಿಫೈಡ್ ನರ್ಸ್ ಅಸಿಸ್ಟೆಂಟ್. ಕೆಲವು ಕಡೆ ನರ್ಸ್ ಏಡ್ ಅಂತಲೂ ಕರೆಯುತ್ತಾರೆ. ಸೇರಿಬಿಟ್ಟೆ.

ಗೆಳತಿಯರ ಮನೆಯ ಊಟದಲ್ಲಿ ಈ ವಿಷಯ ಹೇಳಿದಾಗ ಒಂದು ಕ್ಷಣ ಸೌಟಿನ ಸದ್ದೂ ನಿಂತಿತು. "ನರ್ಸಿಂಗಾ?" ಅಂತ ಒಬ್ಬರು. ಅಲ್ಲ, ಅದರ ಕೆಳಗಿನದು ಅಂದೆ. "ಅಂದ್ರೆ ಆಯಾ ಕೆಲಸಾನಾ?" ಹೌದು, ಆಯಾ ಕೆಲಸವೇ. ಸ್ನಾನ ಮಾಡಿಸುವುದು, ಡೈಪರ್ ಬದಲಿಸುವುದು, ಊಟ ಮಾಡಿಸುವುದು, ಹಲ್ಲುಸೆಟ್ಟು ತೊಳೆಯುವುದು. ಅವರ ಮುಖ ನೋಡಿ, "ಮುಂದೆ ನರ್ಸಿಂಗ್ ಮಾಡೋಕೆ ಇದು ಮೊದಲ ಮೆಟ್ಟಿಲು" ಅಂತ ಸೇರಿಸಿದೆ. ಅದು ಪೂರ್ತಿ ನಿಜವಲ್ಲ. ಸಮಾಧಾನಕ್ಕೆ ಹೇಳಿದ ಮಾತು. ಯಾರ ಸಮಾಧಾನಕ್ಕೆ ಅಂತ ಕೇಳಬೇಡಿ.

ಕೋರ್ಸ್‌ನಲ್ಲಿ ತಮಾಷೆ ಏನೂ ಇರಲಿಲ್ಲ. ಅಮೆರಿಕದಲ್ಲಿ 1987ರ ಒಂದು ಕಾನೂನು ನರ್ಸಿಂಗ್ ಹೋಮ್‌ಗಳ (ಇಲ್ಲಿ ಹಾಗಂದರೆ ಆಸ್ಪತ್ರೆಯಲ್ಲ, ವೃದ್ಧರು ಉಳಿದುಕೊಳ್ಳುವ ಆರೈಕೆ ಮನೆ) ಏಡ್‌ಗಳಿಗೆ ಕನಿಷ್ಠ 75 ಗಂಟೆ ತರಬೇತಿ ಆಗಲೇಬೇಕು ಅನ್ನುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅದು 160: ತರಗತಿಯಲ್ಲಿ 60, ನರ್ಸಿಂಗ್ ಹೋಮಿನಲ್ಲಿ 100. ಮೊದಲ 16 ಗಂಟೆ ಯಾವ ವೃದ್ಧರನ್ನೂ ಮುಟ್ಟುವ ಹಾಗೇ ಇಲ್ಲ. ಸೋಂಕು ಹರಡದಂತೆ ನೋಡಿಕೊಳ್ಳುವುದು, ಬಿದ್ದರೆ, ಗಂಟಲಲ್ಲಿ ಸಿಕ್ಕಿಕೊಂಡರೆ ಏನು ಮಾಡುವುದು, ಅಲ್ಲಿರುವವರ ಹಕ್ಕುಗಳೇನು, ಇವೇ ಮೊದಲ ಪಾಠಗಳು. ಹಕ್ಕು ಅಂದಾಗ ನನಗೆ ನಗು ಬಂದಿತ್ತು. ಸ್ನಾನ ಬೇಡ ಅನ್ನುವ ಹಕ್ಕು. ಮಾತ್ರೆ ಬೇಡ ಅನ್ನುವ ಹಕ್ಕು. ನಮ್ಮಜ್ಜಿಗೆ ಈ ಹಕ್ಕು ಇದ್ದಿದ್ದರೆ ಚಳಿಗಾಲವಿಡೀ ಅವರು ಬಚ್ಚಲುಮನೆ ಕಡೆ ತಲೆ ಹಾಕುತ್ತಿರಲಿಲ್ಲ.

ನಮ್ಮ ಟೀಚರ್ ಫಿಲಿಪೀನ್ಸ್‌ನವರು, ಇಪ್ಪತ್ತು ವರ್ಷ ನರ್ಸ್ ಆಗಿದ್ದವರು. ರೋಗಿ ಅನ್ನಬೇಡಿ, ರೆಸಿಡೆಂಟ್ ಅನ್ನಿ, ಇದು ಅವರ ಮನೆ, ನಾವು ಬಾಗಿಲು ತಟ್ಟಿ ಒಳಗೆ ಹೋಗುವವರು ಅನ್ನುತ್ತಿದ್ದರು. ತರಗತಿಯಲ್ಲಿ ಗೊಂಬೆ ಇತ್ತು. ನಾವೂ ಸರದಿಯ ಮೇಲೆ ಗೊಂಬೆಯಾಗುತ್ತಿದ್ದೆವು. ಬಟ್ಟೆ ಹಾಕುವ ಪಾಠದ ದಿನ ನಾನು ಹಾಸಿಗೆಯ ಪಕ್ಕದ ಅಂಗಿಯನ್ನು ಎತ್ತಿಕೊಂಡು ಶುರು ಮಾಡಿದೆ. ಟೀಚರ್ "ನಿಲ್ಲಿಸು" ಅಂದರು. ಅಲ್ಲಿ ಎರಡು ಅಂಗಿ ಇಟ್ಟಿದ್ದರು. ಯಾವುದು ಬೇಕು ಅಂತ ನಾನು ಕೇಳಲಿಲ್ಲ. ಪರೀಕ್ಷೆಯಲ್ಲಿ ಅದಕ್ಕೂ ಅಂಕ ಇದೆ ಅಂದರು. ಸರಿ, ಕೇಳಿದೆ. ಆಮೇಲೆ ಚೆನ್ನಾಗಿರುವ ಕೈಯನ್ನು ಅಂಗಿಯ ತೋಳಿಗೆ ತೂರಿಸಿದೆ. ಮತ್ತೆ "ನಿಲ್ಲಿಸು."

ತೆಗೆಯುವಾಗ ಚೆನ್ನಾಗಿರುವ ಕೈ ಮೊದಲು. ಹಾಕುವಾಗ ಸ್ವಾಧೀನ ಇಲ್ಲದ ಕೈ ಮೊದಲು. ಯಾಕೆ ಅಂದರೆ, ಒಂದು ತೋಳು ಹಾಕಿದ ಮೇಲೆ ಅಂಗಿ ಬಿಗಿಯಾಗುತ್ತದೆ. ಎರಡನೆಯ ಕೈ ಹಿಂದಕ್ಕೆ ಬಾಗಿ ತಿರುಗಿ ಬರಬೇಕು. ಚೆನ್ನಾಗಿರುವ ಕೈ ಹಾಗೆ ಬಾಗುತ್ತದೆ. ಲಕ್ವ ಹೊಡೆದ ಕೈ ಬಾಗುವುದಿಲ್ಲ, ನಾವು ಎಳೆಯುತ್ತೇವೆ, ಭುಜದ ಕೀಲು ನೋಯುತ್ತದೆ.

ನಾನು ಅಲ್ಲೇ ಕುರ್ಚಿಯ ಮೇಲೆ ಕೂತೆ.

ಹಿಂದಿನ ವರ್ಷ ಅಪ್ಪನಿಗೆ ಸ್ಟ್ರೋಕ್ ಆಗಿತ್ತು. ಬಲಗೈ ಬಲಗಾಲು ಹೋಗಿದ್ದವು, ಮಾತೂ ಮುಕ್ಕಾಲು ಹೋಗಿತ್ತು. ನಾನು ಒಂದು ತಿಂಗಳಿಗೆ ಊರಿಗೆ ಹೋಗಿದ್ದೆ. ದಿನಾ ಬೆಳಗ್ಗೆ ಅಪ್ಪನಿಗೆ ಅಂಗಿ ಹಾಕುವ ಕೆಲಸ ನನ್ನದು. ಎಡಗೈ ಸುಲಭ ಅಂತ ಮೊದಲು ಅದನ್ನೇ ಹಾಕುತ್ತಿದ್ದೆ. ಆಮೇಲೆ ಬಲಗೈ ಎಳೆಯುತ್ತಿದ್ದೆ. ಅಪ್ಪ "ಹ್ಹ, ಹ್ಹ" ಅಂತ ಕೂಗುತ್ತಿದ್ದರು, ಎಡಗೈಯಲ್ಲಿ ನನ್ನನ್ನು ತಳ್ಳುತ್ತಿದ್ದರು. ನಾನು ಗದರಿದ್ದೆ. "ಏನಪ್ಪಾ ಹಟ ಮಾಡ್ತೀಯಾ, ಮಗು ಥರ." ಒಂದು ದಿನವಲ್ಲ, ಹೆಚ್ಚುಕಮ್ಮಿ ಇಪ್ಪತ್ತೈದು ದಿನ.

ಟೀಚರ್ ನೀರು ತಂದುಕೊಟ್ಟರು, ಏನಾಯಿತು ಅಂತ ಕೇಳಲಿಲ್ಲ. ಎಲ್ಲ ಬ್ಯಾಚಿನಲ್ಲೂ ಒಬ್ಬರಾದರೂ ಹೀಗೆ ಕೂರುತ್ತಾರೆ ಅಂತ ಆಮೇಲೆ ಹೇಳಿದರು.

ನರ್ಸಿಂಗ್ ಹೋಮಿನ 100 ಗಂಟೆಗಳ ಬಗ್ಗೆ ಬರೆಯುವುದು ಬೇಕಾದಷ್ಟಿದೆ. ವಾಸನೆಗೆ ಮೂರು ದಿನದಲ್ಲಿ ಒಗ್ಗಿಕೊಂಡೆ. ಮಲಗಿದಲ್ಲೇ ಇರುವವರನ್ನು ಎರಡೆರಡು ಗಂಟೆಗೆ ಮಗ್ಗುಲು ಬದಲಿಸುವುದು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಹಲ್ಲುಸೆಟ್ಟು ತೊಳೆಯುವ ಮುಂಚೆ ಸಿಂಕಿನಲ್ಲಿ ಟವೆಲ್ ಹಾಸುವುದು, ಕೈಜಾರಿದರೂ ಒಡೆಯುವುದಿಲ್ಲ. ನನಗೆ ಉಳಿದಿರುವುದು ಒಬ್ಬ ಅಜ್ಜಿ. ಹೆಸರು ಹೇಳುವಂತಿಲ್ಲ, ಅದೂ ಪಾಠದಲ್ಲೇ ಇತ್ತು. ಅವರಿಗೂ ಸ್ಟ್ರೋಕ್ ಆಗಿತ್ತು, ಎಡಗಡೆ. ಹಳದಿ ಸ್ವೆಟರ್, ಐದು ಗುಂಡಿ. ತೋಳು ಹಾಕಿಕೊಟ್ಟೆ, ಸರಿಯಾದ ಕ್ರಮದಲ್ಲಿ. ಗುಂಡಿ ಹಾಕಲು ಕೈ ಚಾಚಿದೆ. ಅವರು ನನ್ನ ಕೈಯ ಮೇಲೆ ಮೆಲ್ಲಗೆ ಒಂದು ಏಟು ಕೊಟ್ಟರು. ಬಾಗಿಲಲ್ಲಿದ್ದ ಟೀಚರ್, ಕೈ ಬೆನ್ನ ಹಿಂದೆ ಕಟ್ಟಿಕೊ ಅಂತ ಸನ್ನೆ ಮಾಡಿದರು.

ಹೆಬ್ಬೆರಳಿನಿಂದ ಗುಂಡಿಯನ್ನು ಒತ್ತಿ ಹಿಡಿದು, ತೋರುಬೆರಳಿನಿಂದ ಕಾಜಾವನ್ನು ಅದರ ಮೇಲೆ ಎಳೆದು ತರುವುದು. ಜಾರುತ್ತದೆ. ಮತ್ತೆ ಎಳೆಯುವುದು. ಮೂರನೆಯ ಗುಂಡಿ ನಾಲ್ಕನೆಯ ಕಾಜಾಕ್ಕೆ ಹೋಯಿತು. ಅವರೇ ನೋಡಿಕೊಂಡರು, ಬಿಚ್ಚಿದರು. ನಮ್ಮ ಮನೆಗಳಲ್ಲಿ ಸೇವೆ ಅಂದರೆ ಎದುರಿನವರು ಕೇಳುವ ಮೊದಲೇ ಮಾಡಿ ಮುಗಿಸುವುದು. ಎಲೆಯಲ್ಲಿ ಅನ್ನ ಖಾಲಿಯಾಗುವ ಮೊದಲೇ ಬಡಿಸುವುದು. ನನಗೆ ಬೆರಳ ತುದಿಯಲ್ಲಿ ನಿಜವಾಗಿಯೂ ತುರಿಕೆ ಶುರುವಾಯಿತು. ಒಂಬತ್ತು ನಿಮಿಷ ಹಿಡಿಯಿತು. ಹೊರಗೆ ತಿಂಡಿಯ ಟ್ರೇಗಳ ಗಾಡಿ ಬಂದು ನಿಂತಿತ್ತು.

ಇದನ್ನೂ ಹೇಳಿಬಿಡುತ್ತೇನೆ. ಆ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದ ಹಳೆಯ ಏಡ್ ಅದೇ ಅಜ್ಜಿಯ ಗುಂಡಿಗಳನ್ನು ಅರ್ಧ ನಿಮಿಷದಲ್ಲಿ ಹಾಕಿ ಮುಗಿಸುತ್ತಿದ್ದಳು. ಅವಳು ಕೆಟ್ಟವಳಲ್ಲ. ಬೆಳಗಿನ ಹೊತ್ತು ಅವಳ ಪಾಲಿಗೆ ಒಂಬತ್ತು ಜನ. ನನಗೆ ಒಬ್ಬರೇ. ಕಾಯುವುದು ನನಗೆ ಪಾಠ, ಅವಳಿಗೆ ಅದು ಕೈಗೆ ಸಿಗದ ಪುರಸೊತ್ತು. ಈಗ ನಾನೂ ಅವಳ ಜಾಗದಲ್ಲಿದ್ದೇನೆ. ಕೆಲವು ದಿನ ಎರಡು ಗುಂಡಿ ಅವರಿಗೆ ಬಿಟ್ಟು ಮೂರು ನಾನು ಹಾಕುತ್ತೇನೆ.

ಪರೀಕ್ಷೆಗೆ ಬರೋಣ. ನನ್ನ ಜೊತೆ ಪರೀಕ್ಷೆಗೆ ಬಂದಿದ್ದ ಹುಡುಗಿಯೇ ರೆಸಿಡೆಂಟ್ ಆಗಿ ಮಲಗಿದ್ದಳು. ಪರದೆ ಎಳೆದೆ. ಹೆಸರು ಹೇಳಿಕೊಂಡೆ, ಏನು ಮಾಡುತ್ತೇನೆ ಅಂತ ತಿಳಿಸಿದೆ. ಎರಡು ಅಂಗಿ ಹಿಡಿದು ಯಾವುದು ಬೇಕು ಅಂತ ಕೇಳಿದೆ. ಅವಳು ನೀಲಿ ಅಂದಳು. ಅವಳ ಬಲಗೈಯನ್ನು ಕೆಳಗಿನಿಂದ ಆತು ಹಿಡಿದು, ಅಂಗಿಯ ತೋಳನ್ನು ನನ್ನ ಮಣಿಕಟ್ಟಿನವರೆಗೆ ಮಡಿಸಿಕೊಂಡು ನಿಧಾನವಾಗಿ ಏರಿಸಿದೆ. ಎಲ್ಲೂ ಎಳೆಯಲಿಲ್ಲ. ಕೊನೆಗೆ ಕರೆಗಂಟೆ ಕೈಗೆ ಸಿಗುವ ಹಾಗೆ ಇಟ್ಟು, ಹಾಸಿಗೆ ತಗ್ಗಿಸಿ, ಕೈ ತೊಳೆದೆ. ಐದೂ ಪಾಸ್. ಬರವಣಿಗೆಯ ಪರೀಕ್ಷೆಯೂ ಆಯಿತು, ಅದರಲ್ಲಿ ಹೇಳುವಂಥದ್ದೇನಿಲ್ಲ.

ಪಾಸಾದ ಸುದ್ದಿ ಹೇಳಲು ಸಂಜೆ ಏಳಕ್ಕೆ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಬೆಳಗ್ಗೆ ಎಂಟೂವರೆ. ಅಪ್ಪ ಸ್ನಾನ ಮುಗಿಸಿ ಬನಿಯನ್‌ನಲ್ಲಿ ಕೂತಿದ್ದರು. "ಅಮ್ಮ, ಅಂಗಿ ಹಾಕುವಾಗ ಬಲಗೈ ಮೊದಲು ಹಾಕಬೇಕು, ಗೊತ್ತಾ?" ಅಂದೆ. ನನ್ನ ಗಂಟಲು ಕಟ್ಟಿತ್ತು.

"ಅಯ್ಯೋ, ಇದಕ್ಕಾ ಇಷ್ಟು ದಿನ ಓದಿದ್ದು?" ಅಂದಳು ಅಮ್ಮ. "ಆ ಕೈ ಮೊದಲು ಹಾಕದಿದ್ರೆ ಅಂಗಿ ಬರೋದೇ ಇಲ್ಲ ಕಣೇ. ಎರಡನೇ ದಿನಕ್ಕೇ ಗೊತ್ತಾಯ್ತು ನಂಗೆ."

"ಮತ್ತೆ ನಾನು ಬಂದಾಗ ಯಾಕೆ ಹೇಳಲಿಲ್ಲ?"

"ಹೇಳೋಕೆ ಬಂದೆ. ನೀನು ಹೋಗಿ ರೆಸ್ಟ್ ತಗೋ, ನಾನು ನೋಡ್ಕೋತೀನಿ ಅಂತ ನನ್ನ ಅಡಿಗೆಮನೆಗೆ ಕಳಿಸಿದ್ದು ಯಾರು?"

ನನಗೆ ಮಾತು ಹೊರಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಯಾವ ಅಂಗಿ ಬೇಕು ಅಂತ ಅಪ್ಪನನ್ನು ಕೇಳಿ ಹಾಕು ಅಂದೆ. ಅದನ್ನು ಮಾತ್ರ ಅಮ್ಮ ಯಾವತ್ತೂ ಕೇಳಿರಲಿಲ್ಲ. ಸ್ಟ್ರೋಕ್ ಆಗುವ ಮೊದಲೂ ಕೇಳಿರಲಿಲ್ಲ ಅನ್ನಿ. ನಗುತ್ತಾ ಒಂದು ಬಿಳಿ, ಒಂದು ತಿಳಿನೀಲಿ ಹಿಡಿದುಕೊಂಡು ಬಂದಳು. ಅಪ್ಪ ಎರಡನ್ನೂ ನೋಡಿದರು. ಆಮೇಲೆ ಎಡಗೈ ಎತ್ತಿ ಕಿಟಕಿಯಾಚೆ ತೋರಿಸಿದರು. ಹಗ್ಗದ ಮೇಲೆ ಚೌಕುಳಿ ಅಂಗಿಯೊಂದು ಒಣಗುತ್ತಿತ್ತು.

"ಅದಕ್ಕೆ ಇಸ್ತ್ರಿ ಆಗಿಲ್ಲ ರೀ" ಅಂದಳು ಅಮ್ಮ. ಅಪ್ಪ ಕೈ ಇಳಿಸಲಿಲ್ಲ.