ಸ್ಯಾಂಪಲ್‌ಗೆ ಅಷ್ಟೊಂದು ನೂಲು ಯಾಕೆ ಅಂತ ಕೇಳುವವರಿಗೆ

ನನ್ನ ಮಗ್ಗದ ಕೋಣೆಗೆ ಬಂದವರ ಕಣ್ಣು ಮೊದಲು ಹೋಗುವುದು ಗೋಡೆಗೆ ತೂಗುಹಾಕಿದ ತುಂಡುಬಟ್ಟೆಗಳ ಕಡೆಗೆ. ಆಮೇಲೆ ಪ್ರಶ್ನೆ ಬಂದೇ ಬರುತ್ತದೆ: "ಇಷ್ಟೆಲ್ಲ ಸ್ಯಾಂಪಲ್ ನೇಯುವ ಹೊತ್ತಿಗೆ ಬಟ್ಟೆಯನ್ನೇ ನೇಯ್ದು ಮುಗಿಸಬಹುದಿತ್ತಲ್ಲ?" ಹೊಸದಾಗಿ ಮಗ್ಗ ಕಲಿಯುತ್ತಿರುವವರೂ ಇದನ್ನೇ ಕೇಳುತ್ತಾರೆ. ಕಂಪ್ಯೂಟರಿನಲ್ಲಿ ವಿನ್ಯಾಸ ಬಿಡಿಸಿ ಬಣ್ಣ ತುಂಬಿ ನೋಡಿದರೆ ಸಾಲದೇ ಅನ್ನುತ್ತಾರೆ.

ಸಾಲದು. ಮಗ್ಗದ ಮೇಲೆ ಕಾಣುವುದು ಇನ್ನೂ ಬಟ್ಟೆಯಾಗಿರುವುದಿಲ್ಲ. ಎಳೆದು ಬಿಗಿದ ಹಾಸಿನ (ಉದ್ದಕ್ಕೆ ಕಟ್ಟಿದ ಎಳೆಗಳ) ನಡುವೆ ಹೊಕ್ಕು (ಅಡ್ಡಕ್ಕೆ ಹಾಕುವ ನೂಲು) ಸಿಕ್ಕಿಕೊಂಡು ಕೂತಿರುತ್ತದೆ, ಅಷ್ಟೆ. ಬಿಗಿ ಬಿಟ್ಟು, ಕತ್ತರಿಸಿ, ನೀರಿನಲ್ಲಿ ನೆನೆಸಿ, ಒಣಗಿಸಿದ ಮೇಲೆಯೇ ನೂಲು ತನ್ನ ಜಾಗ ಹಿಡಿಯುವುದು. ಅದು ಎಲ್ಲಿ ಉಬ್ಬುತ್ತದೆ, ಎಷ್ಟು ಕುಗ್ಗುತ್ತದೆ, ಕೈಗೆ ಮೆತ್ತಗೆ ಸಿಗುತ್ತದೋ ಬಿರುಸಾಗಿ ಸಿಗುತ್ತದೋ ಎಂಬುದು ಪರದೆಯ ಮೇಲೆ ಕಾಣುವಂಥದ್ದಲ್ಲ. ಅದಕ್ಕೇ ನಾನು ಸ್ಯಾಂಪಲ್ ನೇಯುವ ಹೊತ್ತನ್ನು ಬಟ್ಟೆಯ ಕೆಲಸದ ಲೆಕ್ಕಕ್ಕೇ ಸೇರಿಸುತ್ತೇನೆ.

ಇಂಚಿಗೆ ಎಷ್ಟು ಎಳೆ ಹಾಕಬೇಕು ಅನ್ನುವುದಕ್ಕೆ ಒಂದು ಹಳೆಯ ಲೆಕ್ಕವಿದೆ. ಸ್ಕೇಲಿಗೆ ನೂಲನ್ನು ಒತ್ತೊತ್ತಾಗಿ ಸುತ್ತಿ, ಒಂದು ಇಂಚಿನಲ್ಲಿ ಎಷ್ಟು ಸುತ್ತು ಬಂತೆಂದು ಎಣಿಸುವುದು. 24 ಸುತ್ತು ಬಂದರೆ ಸಾದಾ ನೇಯ್ಗೆಗೆ ಅದರ ಅರ್ಧ, ಅಂದರೆ 12 ಎಳೆ. ಓರೆ ಗೆರೆ ಮೂಡುವ ಟ್ವಿಲ್ ನೇಯ್ಗೆಗೆ ಮೂರರಲ್ಲಿ ಎರಡು ಪಾಲು, 16. ಸಾದಾ ನೇಯ್ಗೆಯಲ್ಲಿ ಹೊಕ್ಕು ಒಂದೊಂದು ಎಳೆಗೂ ಮೇಲೆ ಕೆಳಗೆ ಹೋಗಬೇಕು, ಅದಕ್ಕೆ ಎಡೆ ಬೇಕು. ಟ್ವಿಲ್‌ನಲ್ಲಿ ಎರಡೆರಡು ಎಳೆ ದಾಟಿಕೊಂಡು ಹೋಗುವುದರಿಂದ ಎಳೆಗಳು ಇನ್ನಷ್ಟು ಹತ್ತಿರ ಕೂರಬಹುದು. ಲೆಕ್ಕ ಸರಿಯಾಗಿಯೇ ಇದೆ, ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ. ಆದರೆ ಅದೇ 12 ಎಳೆ ಕೊರಳಿಗೆ ಹೊದೆಯುವ ಬಟ್ಟೆಗೆ ಬಿರುಸಾಗಬಹುದು, ಭಾರ ಹೊರುವ ಚೀಲಕ್ಕೆ ಜಾಳಾಗಬಹುದು. ಸ್ಕೇಲು ಅಳೆಯುವುದು ನೂಲಿನ ದಪ್ಪವನ್ನು ಮಾತ್ರ. ಹುರಿ (ನೂಲಿನ ತಿರುಚು) ಎಷ್ಟು, ನಾರು ಯಾವುದು, ಬಟ್ಟೆ ಯಾವ ಬಳಕೆಗೆ ಅನ್ನುವುದೆಲ್ಲ ಅದರ ಅಳತೆಗೆ ಸಿಗುವುದಿಲ್ಲ.

ಸ್ಯಾಂಪಲ್ ಹಾಸನ್ನು ಒಂದು ಅಡಿ ಅಗಲಕ್ಕಾದರೂ ಹಾಕಿ. ನಾಲ್ಕು ಬೆರಳಗಲದ ಪಟ್ಟಿ ಅಂಚಿನಲ್ಲಿ ಒಳಕ್ಕೆ ಎಳೆದುಕೊಂಡು, ಇಡೀ ಬಟ್ಟೆಯೇ ಒತ್ತಾಗಿರುವ ಹಾಗೆ ಕಾಣಿಸುತ್ತದೆ. ಉದ್ದದಲ್ಲೂ ಜಿಪುಣತನ ಬೇಡ. ಮುಂದಿನ ಗಂಟು, ಹಿಂದೆ ನೇಯಲು ಸಿಗದೆ ಉಳಿಯುವ ತುದಿ ಸೇರಿ ಎಷ್ಟೋ ಮಗ್ಗಗಳಲ್ಲಿ ಅರ್ಧ ಮೀಟರಿಗೂ ಹೆಚ್ಚು ಹಾಸು ಹೇಗೂ ಹೋಗುತ್ತದೆ. ಹಾಗಾಗಿ ಒಂದೇ ಒಂದು ತುಂಡಿಗಾಗಿ ಮಗ್ಗ ಹೂಡುವುದು ದಂಡ. ಒಂದು ಹಾಸಿನಲ್ಲಿ ಮೂರು ನಾಲ್ಕು ತುಂಡಾದರೂ ಬರಬೇಕು.

ಮೊದಲ ತುಂಡನ್ನು 12 ಎಳೆಗೆ ನೇಯ್ದು ಕತ್ತರಿಸುತ್ತೇನೆ. ಆಮೇಲೆ ಎಳೆಗಳನ್ನು ಹಣಿಗೆಯಿಂದ (ಎಳೆಗಳ ಅಂತರ ಹಿಡಿದು ಹೊಕ್ಕನ್ನು ಬಡಿಯುವ ಬಾಚಣಿಗೆಯಂಥ ಚೌಕಟ್ಟು) ಮಾತ್ರ ಬಿಡಿಸಿ, ಇಂಚಿಗೆ 10 ಹಲ್ಲಿರುವ ಬೇರೆ ಹಣಿಗೆಗೆ ಪೋಣಿಸುತ್ತೇನೆ. ಎಳೆಗಳನ್ನು ಎತ್ತಿ ಇಳಿಸುವ ಹೀಲ್ಡಿನ ಕಣ್ಣಿನಲ್ಲಿರುವುದನ್ನು ಮುಟ್ಟುವುದೇ ಬೇಡ, ಅವು ಇದ್ದಲ್ಲೇ ಇರುತ್ತವೆ. ಹೀಗೆ ಅದೇ ಹಾಸು 10ರಲ್ಲೂ 12ರಲ್ಲೂ 15ರಲ್ಲೂ ಹೇಗಿರುತ್ತದೆಂದು ಕೈಯಲ್ಲೇ ಹಿಡಿದು ನೋಡಬಹುದು. ಪ್ರತಿ ತುಂಡನ್ನೂ ಎರಡು ಮಾಡಿ, ಒಂದನ್ನು ತೊಳೆದು ಇನ್ನೊಂದನ್ನು ಹಾಗೇ ಇಡುತ್ತೇನೆ. ನನ್ನ ಗೋಡೆಯ ಮೇಲಿರುವುದು ಈ ಜೋಡಿಗಳೇ.

ಚೀಟಿಯಲ್ಲಿ ಬರೆದಿಡುವ ಅಂಕಿಗಳಲ್ಲಿ ಅಗಲ ಬಹಳ ಮುಖ್ಯ. ಹಣಿಗೆಯಲ್ಲಿ 30 ಸೆಂ.ಮೀ. ಇದ್ದದ್ದು ಮಗ್ಗದಿಂದ ಇಳಿದಾಗ 28 ಆಗಿ, ತೊಳೆದ ಮೇಲೆ 25.5ಕ್ಕೆ ನಿಂತಿತು ಅಂದುಕೊಳ್ಳಿ. ಆಗ ಕೊನೆಗೆ 60 ಸೆಂ.ಮೀ. ಅಗಲದ ಬಟ್ಟೆ ಬೇಕಿದ್ದರೆ ಹಣಿಗೆಯಲ್ಲಿ ಸುಮಾರು 71 ಸೆಂ.ಮೀ. ಹಾಕಬೇಕು. ತೊಳೆದ ತುಂಡಿಲ್ಲದೆ ಈ ಲೆಕ್ಕ ಹುಟ್ಟುವುದೇ ಇಲ್ಲ.

ನೀರು ಮಾಡುವ ಇನ್ನೊಂದು ಕೆಲಸ ನನಗೆ ಈಗಲೂ ಬೆರಗು. ಹುರಿ ಹೆಚ್ಚಿರುವ ಒಂಟಿ ಎಳೆಯ ನೂಲಿನಲ್ಲಿ ಸಾದಾ ನೇಯ್ಗೆ ನೇಯ್ದು ನೋಡಿ. ಮಗ್ಗದ ಮೇಲೆ ಸಪಾಟಾಗಿದ್ದ ಬಟ್ಟೆ ನೆನೆಯುತ್ತಿದ್ದ ಹಾಗೆ ಮೈತುಂಬ ಓರೆ ಗೆರೆಗಳು ಏಳುತ್ತವೆ. ಬಿಗಿಯಲ್ಲಿ ಅಡಗಿದ್ದ ಹುರಿ ಬಿಚ್ಚಿಕೊಳ್ಳಲು ನೋಡುತ್ತಾ ಎಳೆಗಳನ್ನು ಪಕ್ಕಕ್ಕೆ ತಳ್ಳುವುದರಿಂದ ಹೀಗಾಗುತ್ತದೆ. ಕೆಲವರಿಗೆ ಅದು ದೋಷ, ನನಗೆ ಬಹಳ ಇಷ್ಟ. ಇಷ್ಟವೋ ಇಲ್ಲವೋ, ಹತ್ತು ಮೀಟರ್ ನೇಯುವ ಮೊದಲು ಗೊತ್ತಿರಬೇಕು. ಉಣ್ಣೆಯಾದರೆ ಇನ್ನೂ ಎಚ್ಚರ ಬೇಕು. ಬಿಸಿನೀರಿನಲ್ಲಿ ಉಜ್ಜಿದಷ್ಟೂ ಗಟ್ಟಿಯಾಗುತ್ತಾ ಹೋಗುತ್ತದೆ, ಆಮೇಲೆ ಹಿಂದಕ್ಕೆ ಬರುವುದಿಲ್ಲ.

ಬಣ್ಣವೂ ಹಾಗೇ. ಕೆಂಪು ಹಾಸಿನಲ್ಲಿ ಹಸಿರು ಹೊಕ್ಕು ಹಾಕಿದರೆ ಹತ್ತಿರದಿಂದ ಎರಡೂ ಚೆಂದ. ದೂರ ನಿಂತು ನೋಡಿ, ಎರಡೂ ಬೆರೆತು ಕಂದು ಛಾಯೆಗೆ ತಿರುಗುತ್ತವೆ. ಬಣ್ಣದ ಹೆಸರಿಗಿಂತ ಅದು ಎಷ್ಟು ಗಾಢ, ಎಷ್ಟು ತಿಳಿ ಅನ್ನುವುದು ನೇಯ್ಗೆಯಲ್ಲಿ ಹೆಚ್ಚು ಕೆಲಸ ಮಾಡುತ್ತದೆ.

1922ರಲ್ಲಿ ಜರ್ಮನಿಯ ಬೌಹೌಸ್ ಎಂಬ ಕಲೆ-ವಿನ್ಯಾಸದ ಶಾಲೆ ಸೇರಿದ ನೇಯ್ಗೆಗಾರ್ತಿ ಆನಿ ಆಲ್ಬರ್ಸ್, ತಮ್ಮ ಡಿಪ್ಲೊಮಾಗೆಂದು ಅಲ್ಲಿನ ಬೆರ್ನಾವ್ ಊರಿನ ಒಂದು ಸಭಾಂಗಣಕ್ಕೆ ಗೋಡೆಬಟ್ಟೆ ನೇಯ್ದರು. ಒಂದು ಮೈ ಸದ್ದು ಹೀರಬೇಕು, ಇನ್ನೊಂದು ಮೈ ಬೆಳಕು ಹಿಂದಿರುಗಿಸಬೇಕು. ಅದಕ್ಕಾಗಿ ಹತ್ತಿಯ ಜೊತೆ ಸೆಲ್ಲೋಫೇನ್ (ಹೊಳೆಯುವ ಪಾರದರ್ಶಕ ತೆಳು ಹಾಳೆ) ಬಳಸಿದರು. ಅಂಥ ಬಟ್ಟೆಯನ್ನು ಕಾಗದದ ಮೇಲೆ ಬಿಡಿಸಿ ಪರೀಕ್ಷಿಸಲು ಸಾಧ್ಯವೇ? ನೇಯ್ದೇ ನೋಡಬೇಕು.

ಇನ್ನೊಂದು ಉಪಯೋಗವನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಸ್ಯಾಂಪಲ್ ನೂಲಿನಷ್ಟೇ ಮಗ್ಗದ ಆರೋಗ್ಯವನ್ನೂ ತೋರಿಸುತ್ತದೆ. ಬಟ್ಟೆಯ ಉದ್ದಕ್ಕೂ ಒಂದು ಗೆರೆ ಓಡಿದ್ದರೆ ಮೊದಲು ತೊಳೆದ ತುಂಡನ್ನು ನೋಡಿ. ಅಲ್ಲಿ ಮಾಯವಾಗಿದ್ದರೆ ಅದು ಹಣಿಗೆಯ ಗುರುತು ಅಷ್ಟೆ, ಚಿಂತೆಯಿಲ್ಲ. ಅಲ್ಲೂ ಉಳಿದಿದ್ದರೆ ಒಂದು ಹಲ್ಲಿನಲ್ಲಿ ಎಳೆ ತಪ್ಪಿದೆ, ಇಲ್ಲವೇ ಹಲ್ಲೇ ಬಾಗಿದೆ. ಅಡ್ಡಕ್ಕೆ ಒತ್ತು-ಜಾಳು ಪಟ್ಟೆಗಳಿದ್ದರೆ ಕೈಯ ಬಡಿತ ಏರುಪೇರಾಗಿದೆ, ಅಥವಾ ಹಿಂದೆ ಹಾಸು ಸುತ್ತಿರುವ ಬೀಮಿನ ಬ್ರೇಕು ಜಾರುತ್ತಿದೆ. ಒಂದೇ ಪೆಡಲು ತುಳಿದಾಗಲೆಲ್ಲ ಹೊಕ್ಕು ಕೆಲವು ಎಳೆ ಬಿಟ್ಟುಹೋಗುತ್ತಿದ್ದರೆ, ಆ ಪೆಡಲಿನ ಹಗ್ಗ ಹಿಗ್ಗಿ ಎಳೆಗಳು ಪೂರ್ತಿ ಏಳುತ್ತಿಲ್ಲ. ಹೊಕ್ಕು ಓರೆಯಾಗಿ ಕೂರುತ್ತಿದ್ದರೆ ಹಣಿಗೆ ಹಿಡಿದ ಚೌಕಟ್ಟಿನ ಎರಡು ತುದಿಯಿಂದ ಮುಂದಿನ ಅಡ್ಡಮರಕ್ಕೆ ಟೇಪು ಹಿಡಿಯಿರಿ, ಅಳತೆ ಎರಡೂ ಕಡೆ ಒಂದೇ ಬರಬೇಕು. ಬಡಿತದ ಅದುರಿಗೆ ಬೋಲ್ಟುಗಳು ಸಡಿಲಾಗುತ್ತಲೇ ಇರುತ್ತವೆ, ಅವನ್ನು ಪ್ರತಿ ಹಾಸಿಗೂ ಮುಂಚೆ ಬಿಗಿಮಾಡುವುದು ಒಳ್ಳೆಯದು. ಗಾಳಿಯಲ್ಲಿ ತೇವ ಹೆಚ್ಚಿರುವ ದಿನಗಳಲ್ಲಿ ಹಣಿಗೆಯ ಉಕ್ಕು ತುಕ್ಕು ಹಿಡಿದು ತಿಳಿ ಬಣ್ಣದ ಹಾಸಿನ ಎಳೆಗಳಿಗೆ ಕಲೆ ಹತ್ತುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಸುತ್ತಿ ಒಣಗಿದ ಜಾಗದಲ್ಲಿಡಿ.

ಸ್ಯಾಂಪಲ್ ಬಿಟ್ಟುಬಿಡುವುದೂ ಉಂಟೇ? ಉಂಟು. ಅದೇ ನೂಲು, ಅದೇ ಬಣ್ಣದ ಲಾಟು (ಒಟ್ಟಿಗೆ ಬಣ್ಣ ಹಾಕಿದ ಕಂತು), ಅದೇ ಹಣಿಗೆ, ಚೀಟಿಯಲ್ಲಿ ಎಲ್ಲ ಬರೆದಿದೆ ಅಂದರೆ ಬೇರೆ ಹಾಸು ಹೂಡುವುದಿಲ್ಲ. ಲಾಟು ಬದಲಾದರೂ ಸಾಕು, ಮುಖ್ಯ ಹಾಸಿನ ಮೊದಲಲ್ಲೇ ಒಂದು ಗೇಣು ನೇಯ್ದು, ಕತ್ತರಿಸಿ, ತೊಳೆದು ನೋಡುತ್ತೇನೆ. ಅದು ಒಣಗುವ ತನಕ ಹೊಕ್ಕಿನ ನೂಲನ್ನು ಕಂಡಿಕೆಗೆ ಸುತ್ತುವ ಕೆಲಸ ಹೇಗೂ ಇದ್ದೇ ಇರುತ್ತದೆ.