ಹಸಿರು ಹೊಳೆದರೆ ಸಾಲದು, ಯಾಕೆ ಹೊಳೆಯಿತು ಅಂತ ನೋಡಬೇಕು

ಎದೆಹಾಲಿನಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಒಂದೇ ಅಲ್ಲ, ಅದರ ಮೇಲೆ ಕಟ್ಟಿಕೊಂಡ 150ಕ್ಕೂ ಹೆಚ್ಚು ಬಗೆಯ ಸಕ್ಕರೆಗಳಿವೆ. ಮಗುವಿಗೆ ಅವು ಜೀರ್ಣವಾಗುವುದಿಲ್ಲ. ಕರುಳಿನಲ್ಲಿರುವ ಬೈಫಿಡೋಬ್ಯಾಕ್ಟೀರಿಯಾಗಳಿಗೆ ಅವೇ ಊಟ. ಅವುಗಳಲ್ಲಿ ಒಂದಾದ 2'-ಫ್ಯೂಕೋಸಿಲ್‌ಲ್ಯಾಕ್ಟೋಸ್ ಇದ್ದರೆ ಹೊಳೆದು ತೋರಿಸುವ ಇ. ಕೋಲಿ ಬ್ಯಾಕ್ಟೀರಿಯಾ ತಯಾರಿಸುವುದು ನನ್ನ ಕೆಲಸ.

ಈ ಸಕ್ಕರೆ ಅಂದ್ರೆ ಲ್ಯಾಕ್ಟೋಸ್‌ಗೆ ಫ್ಯೂಕೋಸ್ ಅನ್ನುವ ಇನ್ನೊಂದು ಸಣ್ಣ ಸಕ್ಕರೆ ಅಂಟಿಕೊಂಡಿರುವುದು. ಅದನ್ನು ಕತ್ತರಿಸುವ ಫ್ಯೂಕೋಸಿಡೇಸ್ ಕಿಣ್ವದ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸುತ್ತೇವೆ. ಕತ್ತರಿಸಿದ ಮೇಲೆ ಉಳಿಯುವುದು ಲ್ಯಾಕ್ಟೋಸ್. ಅದನ್ನು ಗುರುತಿಸುವುದು ಇ. ಕೋಲಿಗೆ ಹುಟ್ಟಿನಿಂದಲೇ ಬಂದ ವಿದ್ಯೆ. ಡಿಎನ್‌ಎ ಮೇಲೆ ಅಡ್ಡ ಕೂತಿದ್ದ ಲ್ಯಾಕ್‌ಐ ಪ್ರೋಟೀನ್ ಜಾಗ ಬಿಡುತ್ತದೆ, ಅಲ್ಲಿ ನಾವು ಜೋಡಿಸಿದ ಜೀನಿನಿಂದ ಜಿಎಫ್‌ಪಿ ಅನ್ನುವ ಹಸಿರಾಗಿ ಹೊಳೆಯುವ ಪ್ರೋಟೀನ್ ತಯಾರಾಗುತ್ತದೆ. 488 ನ್ಯಾನೋಮೀಟರ್‌ನ ನೀಲಿ ಬೆಳಕು ಬಿಟ್ಟರೆ ಹಸಿರು ಬೆಳಕು ಬರುತ್ತದೆ.

ಕೇಳೋಕೆ ಸುಲಭ, ಅಲ್ವಾ? ಆದರೆ ಹಾಲಿನಲ್ಲಿ ಲೀಟರಿಗೆ ಸುಮಾರು 70 ಗ್ರಾಂ ಲ್ಯಾಕ್ಟೋಸ್ ಮೊದಲೇ ಇರುತ್ತದೆ. ನಾವು ಹುಡುಕುವ ಬಗೆಯ ಸಕ್ಕರೆಗಳೆಲ್ಲ ಸೇರಿದರೂ 5ರಿಂದ 15 ಗ್ರಾಂ. ಕತ್ತರಿಸಿ ಬಂದ ಲ್ಯಾಕ್ಟೋಸ್ ಯಾವುದು, ಮೊದಲೇ ಇದ್ದದ್ದು ಯಾವುದು ಅಂತ ಬ್ಯಾಕ್ಟೀರಿಯಾಕ್ಕೆ ಗೊತ್ತಾಗುವುದಿಲ್ಲ.

ಅದಕ್ಕೇ 96 ಗುಳಿಯ ಪ್ಲೇಟಿನಲ್ಲಿ ನಾನು ಮೊದಲು ನೋಡುವುದು ಹೊಳೆಯುವ ಸಾಲನ್ನಲ್ಲ, ಅದರ ಪಕ್ಕದ ಸಾಲನ್ನು. ಅಲ್ಲಿರುವುದು ಅದೇ ಬ್ಯಾಕ್ಟೀರಿಯಾ, ಅದೇ ಸ್ಯಾಂಪಲ್, ಫ್ಯೂಕೋಸಿಡೇಸ್ ಮಾತ್ರ ಇಲ್ಲ. ಅದೂ ಅಷ್ಟೇ ಹಸಿರಾಗಿದ್ದರೆ ನಮ್ಮ ಸೆನ್ಸರ್ ಹಿಡಿದದ್ದು ಬರೀ ಲ್ಯಾಕ್ಟೋಸ್. ಎರಡೂ ಸಾಲು ಪೂರ್ತಿ ಹೊಳೆದಿದ್ದರೆ ಒಂದರಿಂದ ಒಂದನ್ನು ಕಳೆದೂ ಪ್ರಯೋಜನವಿಲ್ಲ, ಸ್ಯಾಂಪಲ್‌ನಿಂದ ಲ್ಯಾಕ್ಟೋಸ್ ತೆಗೆದೇ ಮತ್ತೆ ಮಾಡಬೇಕು. ಕಿಣ್ವ ಹಾಕಿ ಲ್ಯಾಕ್ಟೋಸ್ ಒಡೆದರೆ ಗ್ಲೂಕೋಸ್ ಹುಟ್ಟುತ್ತದೆ. ಗ್ಲೂಕೋಸ್ ಇದ್ದಲ್ಲಿ ಜಿಎಫ್‌ಪಿ ತಯಾರಿಕೆ ಶುರುಮಾಡುವ ಈ ಸ್ವಿಚ್ಚೇ ಸರಿಯಾಗಿ ಆನ್ ಆಗುವುದಿಲ್ಲ! ಹಾಗಾಗಿ ಆಮೇಲೆ ಇಂಗಾಲ ತುಂಬಿದ ಕೊಳವೆಯಲ್ಲಿ, ಅಂದ್ರೆ ಕಾರ್ಬನ್ ಕಾಲಮ್‌ನಲ್ಲಿ ತೊಳೆದು ಅದನ್ನೂ ಹೊರಹಾಕಬೇಕು. ಬ್ಯಾಕ್ಟೀರಿಯಾ ಬೆಳೆಸುವುದಕ್ಕೂ ಗ್ಲೂಕೋಸ್ ಬದಲು ಗ್ಲಿಸರಾಲ್ ಕೊಡುವುದು ಇದೇ ಕಾರಣಕ್ಕೆ. ಇನ್ನು ಹೊಳಪಿನ ಅಂಕಿಯನ್ನು 600 ನ್ಯಾನೋಮೀಟರ್‌ನ ಓಡಿಯಿಂದ, ಅಂದ್ರೆ ಬ್ಯಾಕ್ಟೀರಿಯಾ ಎಷ್ಟು ಬೆಳೆದಿವೆ ಅಂತ ತೋರಿಸುವ ಮಬ್ಬಿನ ಅಳತೆಯಿಂದ ಭಾಗಿಸುವುದು ಎಲ್ಲರಿಗೂ ಗೊತ್ತಿರುವ ವಿಷಯ. ಜಾಸ್ತಿ ಬೆಳೆದ ಗುಳಿ ಸುಮ್ನೆ ಜಾಸ್ತಿ ಹೊಳೆಯುತ್ತದೆ.

ಹೊಸದಾಗಿ ಸೇರುವವರಿಗೆ ನಾನು ತಪ್ಪದೆ ಹೇಳುವ ಇನ್ನೊಂದು ಮಾತಿದೆ. ಈ ಸಕ್ಕರೆ ಉತ್ಪಾದಿಸುವ ಇ. ಕೋಲಿಯಲ್ಲಿ ಲ್ಯಾಕ್ಟೋಸ್ ಒಡೆಯುವ ಕಿಣ್ವದ ಜೀನಾದ ಲ್ಯಾಕ್‌ಝೆಡ್ ಅನ್ನು ಸಾಮಾನ್ಯವಾಗಿ ತೆಗೆದಿರುತ್ತಾರೆ, ಕಚ್ಚಾವಸ್ತುವಾಗಿ ಕೊಟ್ಟ ಲ್ಯಾಕ್ಟೋಸನ್ನು ಅದು ತಿಂದುಬಿಡಬಾರದು ಅಂತ. ಆದರೆ ಲ್ಯಾಕ್‌ಐ ಜಾಗ ಬಿಡುವುದು ಲ್ಯಾಕ್ಟೋಸ್‌ಗಲ್ಲ, ಅದರಿಂದಾಗುವ ಅಲೋಲ್ಯಾಕ್ಟೋಸ್‌ಗೆ. ಅದನ್ನು ಮಾಡಿಕೊಡುವುದೇ ಲ್ಯಾಕ್‌ಝೆಡ್. ಆದ್ದರಿಂದ ಉತ್ಪಾದನೆಯ ತಳಿಯನ್ನೇ ತಂದು ಸೆನ್ಸರ್ ಮಾಡಲು ಹೋಗಬೇಡಿ. ಸಕ್ಕರೆ ಎಷ್ಟಿದ್ದರೂ ಅದು ಹೊಳೆಯುವುದಿಲ್ಲ.