ಧಾರವಾಡಕ್ಕೆ ವಾಪಸ್ ಹೋಗೋ ಪ್ಲಾನ್ ಇದ್ರೆ ದಸರಾ ರಜೇಲಿ ಹೋಗಿ, ವಿಜಯದಶಮಿಯ ಬನ್ನಿ ದಿನ ಅಲ್ಲೇ ಇರಿ

ಧಾರವಾಡದಲ್ಲಿ ಓದೋಕೆ ಅಂತಲೋ ನೌಕರಿಗೆ ಅಂತಲೋ ಕೆಲವು ವರ್ಷ ಇದ್ದು ಆಮೇಲೆ ಬೆಂಗಳೂರು ಸೇರ್ಕೊಂಡೋರು ಬಹಳ ಜನ ಇದ್ದೀರಿ, ನಾನೂ ಹಂಗೇ. ನಮ್ದು ತುಮಕೂರು ಕಡೆ, ಕೆಲಸಕ್ಕೆ ಅಂತ ಧಾರವಾಡಕ್ಕೆ ಹೋದೋನು ಮಾಳಮಡ್ಡಿಲಿ ಬಾಡಿಗೆ ಮನೆ ಹಿಡಿದೆ, ಮದುವೆ ಆದ್ಮೇಲೆ ಸಂಸಾರ ಶುರುವಾಗಿದ್ದೂ ಅಲ್ಲೇ, ಮಗಳು ಹುಟ್ಟಿದ್ದೂ ಅಲ್ಲೇ. ಟ್ರಾನ್ಸ್‌ಫರ್ ಆಗಿ ಊರು ಬಿಟ್ಮೇಲೆ ಯಾರದೋ ಮದುವೆ ಅಂತ ಬೆಳಿಗ್ಗೆ ಇಳಿದು ರಾತ್ರಿ ಟ್ರೇನ್ ಹತ್ತೋದು ಬಿಟ್ರೆ ಉಳ್ಕೊಂಡು ಬಂದೇ ಇರ್ಲಿಲ್ಲ. ಈ ಸಲ ದಸರಾ ರಜೆಗೆ ಮೂರೂ ಜನ ಹೋಗಿ ಮನಸಾರೆ ಇದ್ದು ಬಂದ್ವಿ. ಅಲ್ಲಿ ಹಳೇ ಗೆಳೆಯರು, ಹಳೇ ಮನೆ ಇರೋರಿಗೆ ಉಪಯೋಗ ಆಗ್ಲಿ ಅಂತ ವಿವರವಾಗಿ ಬರೀತಿದ್ದೀನಿ. ಸುಮ್ನೆ ಊರು ನೋಡೋಕೆ ಹೋಗೋರಿಗೆ ಇದರಲ್ಲಿ ಅರ್ಧ ಬೇಕಾಗಲ್ಲ.

ಮೊದ್ಲು ಯಾವಾಗ ಹೋಗ್ಬೇಕು ಅನ್ನೋದು, ಇದೇ ಎಲ್ಲಕ್ಕಿಂತ ಮುಖ್ಯ. ಬೇಸಿಗೆ ರಜೇಲಿ ಬೇಡ. ಬಿಸಿಲೂ ಜಾಸ್ತಿ, ಅಲ್ಲಿನ ಜನರೂ ಊರಲ್ಲಿರಲ್ಲ, ಮಕ್ಕಳನ್ನ ಕರ್ಕೊಂಡು ಪುಣೆಗೋ ಬೆಂಗಳೂರಿಗೋ ಹೋಗಿರ್ತಾರೆ. ಶ್ರಾವಣದಲ್ಲಿ ಊರು ಬಹಳ ಚಂದ, ಆ ಜಿಟಿಜಿಟಿ ಮಳೆ, ಕೆಂಪು ಮಣ್ಣು, ಕಾಂಪೌಂಡ್ ಗೋಡೆ ಮೇಲೆಲ್ಲ ಹಸಿರು ಪಾಚಿ, ಆದ್ರೆ ಎಲ್ಲರಿಗೂ ಆಫೀಸು ಸ್ಕೂಲು ಇರುತ್ತೆ, ನೀವು ರಜೇಲಿ ಇರ್ತೀರಿ ಅವ್ರು ಇರಲ್ಲ. ದಸರಾ ಹಂಗಲ್ಲ. ಯಾಕಂದ್ರೆ ವಿಜಯದಶಮಿ ಸಾಯಂಕಾಲ ಬನ್ನಿ ಕೊಡೋ ಪದ್ಧತಿ ಇದೆ, ನಮ್ಮ ಹಳೇ ಮೈಸೂರು ಕಡೆ ಮನೆಮನೆಗೆ ಹೋಗಿ ಹಿಂಗೆ ಕೊಡೋದನ್ನ ನಾನಂತೂ ನೋಡಿಲ್ಲ. ಬನ್ನಿ ಮರಕ್ಕೆ ಪೂಜೆ ಆದ್ಮೇಲೆ ಎಲೆ ತಗೊಂಡು ಪರಿಚಯದವರ ಮನೆಗೆಲ್ಲ ಹೋಗಿ, "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅಂತ ಕೈಗೆ ಕೊಟ್ಟು, ದೊಡ್ಡವರಿದ್ರೆ ಕಾಲಿಗೆ ನಮಸ್ಕಾರ ಮಾಡಿ ಬರೋದು. ಅವತ್ತು ಹಿರಿಯರೆಲ್ಲ ಮನೇಲೇ ಕೂತಿರ್ತಾರೆ, ಬಾಗಿಲು ತೆಗೆದೇ ಇರುತ್ತೆ, ಫೋನ್ ಮಾಡಿ ಟೈಮ್ ಕೇಳೋ ಪ್ರಶ್ನೆನೇ ಇಲ್ಲ. ವರ್ಷಗಟ್ಟಲೆ ಮಾತಾಡಿಲ್ಲ, ಈಗ ಸುಮ್ಮನೆ ಹೋಗಿ ಬಾಗಿಲು ತಟ್ಟಿದ್ರೆ ಏನಂದ್ಕೋತಾರೋ ಅನ್ನೋ ಸಂಕೋಚ ಇರೋರಿಗೆ ಇದಕ್ಕಿಂತ ಒಳ್ಳೇ ದಿನ ಇನ್ನೊಂದಿಲ್ಲ. ಇಡೀ ಟ್ರಿಪ್ಪನ್ನ ಈ ಒಂದು ಸಾಯಂಕಾಲ ಇಟ್ಕೊಂಡು ಪ್ಲಾನ್ ಮಾಡಿ ಅನ್ನೋದೇ ನನ್ನ ಸಲಹೆ, ಉಳಿದದ್ದೆಲ್ಲ ಹೆಂಗೋ ಹೊಂದ್ಕೊಳ್ಳುತ್ತೆ.

ದಸರಾ ಅಂದ್ಮೇಲೆ ಟಿಕೆಟ್ ತೊಂದ್ರೆ ಇದ್ದೇ ಇದೆ. ಟ್ರೇನ್ ಬುಕಿಂಗ್ ಈಗ 60 ದಿನ ಮೊದ್ಲು ಓಪನ್ ಆಗುತ್ತೆ, ಅವತ್ತು ಬೆಳಿಗ್ಗೆನೇ ಕೂತು ಮಾಡ್ಬಿಡಿ. ರಾತ್ರಿ ಹೋಗೋರಿಗೆ ನಮ್ಮ ಹಳೇ ರಾಣಿ ಚೆನ್ನಮ್ಮ ಇದೆ, ಬೆಳಿಗ್ಗೆ ಕಣ್ಣುಜ್ಜಿಕೊಂಡು ಧಾರವಾಡದಲ್ಲಿ ಇಳೀಬಹುದು. ಹಗಲು ಹೋಗೋರಿಗೆ 2023ರ ಜೂನ್‌ನಿಂದ ವಂದೇ ಭಾರತ್ ಬಂದಿದೆ, ಬೆಂಗಳೂರು ಬೆಳಿಗ್ಗೆ ಆರರ ಒಳಗೆ ಬಿಟ್ಟು ಮಧ್ಯಾಹ್ನದ ಊಟದ ಹೊತ್ತಿಗೆ ಧಾರವಾಡ. ವಾರದಲ್ಲಿ ಒಂದು ದಿನ ಓಡಲ್ಲ, ಅದನ್ನ ನೋಡ್ಕೊಂಡು ಬುಕ್ ಮಾಡಿ. ವಯಸ್ಸಾದೋರು ಜೊತೇಲಿದ್ರೆ ಹಗಲಿನದೇ ಒಳ್ಳೇದು, ಹಾವೇರಿ ದಾಟಿದ್ಮೇಲೆ ಕಿಟಕಿ ಆಚೆ ಕಪ್ಪು ಹೊಲಗಳು ಶುರು ಆಗ್ತಿದ್ದಂಗೆ ನನ್ನ ಹೆಂಡ್ತಿ ಫೋನ್ ಬ್ಯಾಗಿಗೆ ಹಾಕಿ ಆಚೆನೇ ನೋಡ್ತಾ ಕೂತ್ಬಿಟ್ಲು. ಕಾರಲ್ಲಿ ಹೋಗೋರಿಗೆ ಸುಮಾರು 430 ಕಿಲೋಮೀಟರ್, ರಸ್ತೆ ಚೆನ್ನಾಗಿದೆ, ಆದ್ರೆ ಹುಬ್ಬಳ್ಳಿ ಧಾರವಾಡ ಬೈಪಾಸ್‌ನಲ್ಲಿ ಮಾತ್ರ ನಿಧಾನ ಹೋಗಿ, ರಾತ್ರಿ ಅಂತೂ ಬೇಡವೇ ಬೇಡ.

ಉಳ್ಕೊಳ್ಳೋದು ಧಾರವಾಡದಲ್ಲೇ ಉಳ್ಕೊಳ್ಳಿ. ಹುಬ್ಬಳ್ಳಿಲಿ ದೊಡ್ಡ ಹೋಟೆಲ್ ಜಾಸ್ತಿ ಇದಾವೆ ಅಂತ ಅಲ್ಲಿ ರೂಮ್ ಮಾಡಿದ್ರೆ ದಿನಾ 20 ಕಿಲೋಮೀಟರ್ ಆ ಕಡೆ ಈ ಕಡೆ ಓಡಾಡೋದ್ರಲ್ಲೇ ಸುಸ್ತು, ಬೆಳಿಗ್ಗೆ ಸಾಯಂಕಾಲದ ಒಳ್ಳೇ ಹೊತ್ತೆಲ್ಲ ರಸ್ತೇಲಿ ಹೋಗುತ್ತೆ. ಗೆಳೆಯರು "ಮನಿ ಇದ್ದಾಗ ಲಾಡ್ಜ್ ಯಾಕ" ಅಂತ ಬೈದೇ ಬೈತಾರೆ. ನಾವು ಒಂದು ರಾತ್ರಿ ಗೆಳೆಯನ ಮನೇಲಿ ಮಲಗಿ, ಉಳಿದ ದಿನ ಲಾಡ್ಜಲ್ಲಿ ಇದ್ವಿ, ಹಬ್ಬದ ದಿನಗಳಲ್ಲಿ ಅವರ ಮನೆಗೂ ಮಗಳು ಅಳಿಯ ಅಂತ ಬಂದಿರ್ತಾರೆ, ಗೆಳೆಯನ ಹೆಂಡ್ತಿ, ನಮ್ಮ ವೈನಿ, ಪಾಪ ಒಬ್ರೇ ಎಷ್ಟು ಅಂತ ಮಾಡ್ತಾರೆ. ಜುಬಿಲಿ ಸರ್ಕಲ್ ಹತ್ರ ಲಾಡ್ಜ್ ಹಿಡಿದ್ರೆ ಎಲ್ಲದಕ್ಕೂ ಹತ್ರ ಆದ್ರೆ ಗದ್ದಲ, ರಸ್ತೆ ಕಡೆ ಕಿಟಕಿ ಇಲ್ಲದ ರೂಮ್ ಕೇಳಿ. ಸಪ್ತಾಪುರ ಕಡೆ ಇದ್ದೋರಿಗೆ ನಿಮ್ಮ ಏರಿಯಾ ಗುರುತೇ ಸಿಗಲ್ಲ, ಕೆಎಎಸ್, ಪಿಎಸ್‌ಐ ಅಂತ ಕೋಚಿಂಗ್‌ಗೆ ಉತ್ತರ ಕರ್ನಾಟಕದ ಎಲ್ಲಾ ಕಡೆಯಿಂದ ಹುಡುಗ್ರು ಬಂದು ತುಂಬ್ಕೊಂಡಿದ್ದಾರೆ, ಮನೆಮನೇಲೂ ಪಿಜಿ, ಮೂಲೆಮೂಲೇಲೂ ಲೈಬ್ರರಿ. ಬೇಜಾರು ಮಾಡ್ಕೋಬೇಡಿ, ಹಳ್ಳಿಯಿಂದ ಬಂದ ಆ ಮಕ್ಕಳು ರಾತ್ರಿ ಎಲ್ಲಾ ಕೂತು ಓದೋದನ್ನ ನೋಡಿದ್ರೆ ಈ ಊರು ಈಗಲೂ ಓದೋರ ಊರೇ ಅಂತ ಖುಷಿ ಆಗುತ್ತೆ.

ಓಡಾಡೋಕೆ ಚಿಗರಿ ಬಸ್ಸು, ಅಂದ್ರೆ ಹುಬ್ಬಳ್ಳಿ ಧಾರವಾಡ ನಡುವೆ ತನ್ನದೇ ಬೇರೆ ದಾರೀಲಿ ಓಡೋ ಬಿಆರ್‌ಟಿಎಸ್ ಬಸ್ಸು. ನಾನಿದ್ದಾಗ ಬೇಂದ್ರೆ ಅನ್ನೋ ಹೆಸರಿನ ಪ್ರೈವೇಟ್ ಬಸ್ಸಲ್ಲಿ ನಿಂತ್ಕೊಂಡು ಹುಬ್ಬಳ್ಳಿಗೆ ಹೋಗ್ತಿದ್ವಿ, ಈಗ ರಸ್ತೆ ನಡುವೆ ಬಿಆರ್‌ಟಿಎಸ್ ಸ್ಟೇಷನ್ನು, ಟಿಕೆಟ್ ಸ್ಟೇಷನ್ ಕೌಂಟರಲ್ಲೇ ತಗೊಂಡು ಒಳಗೆ ಹೋಗ್ಬೇಕು, ಬಸ್ಸಲ್ಲಿ ಕಂಡಕ್ಟರ್ ಕೊಡ್ತಾರೆ ಅಂತ ಕಾಯ್ಬೇಡಿ. ದಾರೀಲಿ ನವಲೂರು ಬರುತ್ತೆ, ಪೇರಲ ಹಣ್ಣಿಗೆ ಹೆಸರಾದ ಊರು, ಬುಟ್ಟಿ ಇಟ್ಕೊಂಡು ಕೂತಿರೋ ಅಜ್ಜಿ ಕಂಡ್ರೆ ತಗೊಳ್ಳಿ, ಉಪ್ಪು ಖಾರ ಹಾಕಿ ಕೊಡ್ತಾರೆ.

ಹಳೇ ಗೆಳೆಯರನ್ನ ಭೇಟಿ ಆಗೋ ವಿಷಯದಲ್ಲಿ ಒಂದು ಮಾತು ಖಂಡಿತವಾಗಿ ಹೇಳ್ತೀನಿ, ಎಲ್ಲರನ್ನೂ ಒಂದು ಹೋಟೆಲ್ಲಿಗೆ ಕರೆದು ಪಾರ್ಟಿ ತರ ಮಾಡ್ಬೇಡಿ. ನಮ್ಮ ಆಫೀಸಿನ ಹಳೇ ಬ್ಯಾಚು ಹಂಗೆ ಒಂದು ಮಧ್ಯಾಹ್ನ ಸೇರಿದ್ವಿ, ಫೋಟೋ ತೆಗೆದ್ವಿ, ಊಟ ಆಯ್ತು, ಚೆನ್ನಾಗೇ ಇತ್ತು, ಆದ್ರೆ ಹತ್ತು ಜನ ಇದ್ದ ಕಡೆ ಯಾರೂ ತಮ್ಮ ಮನೆ ವಿಷಯ ಬಾಯಿ ಬಿಡಲ್ಲ. ಒಬ್ಬೊಬ್ಬರನ್ನ ಅವರವರ ಹೊತ್ತಿಗೆ, ಮುಂಚೆ ಎಲ್ಲಿ ಸಿಗ್ತಿದ್ರೋ ಅಲ್ಲೇ ಹಿಡೀಬೇಕು. ನಮ್ಮ ಪಕ್ಕದ ಮನೆ ಮಾಸ್ತರು ಈಗ ರಿಟೈರ್ ಆಗಿದ್ದಾರೆ, ಬೆಳಿಗ್ಗೆ ಯೂನಿವರ್ಸಿಟಿ ಕ್ಯಾಂಪಸ್ಸಲ್ಲಿ ವಾಕಿಂಗ್ ಮಾಡ್ತಾರೆ ಅಂತ ಗೊತ್ತಾಗಿ ನಾನೂ ಬೂಟು ಹಾಕ್ಕೊಂಡು ಹೋದೆ. ಆ ಗುಡ್ಡದ ರಸ್ತೆ, ಮರಗಳು, ನವಿಲು ಕೂಗೋದು ಎಲ್ಲಾ ಹಂಗೇ ಇದೆ. ನಡೀತಾ ನಡೀತಾ ಅವ್ರು ಮಗನ ನೌಕರಿ, ತಮ್ಮ ಬೈಪಾಸ್ ಆಪರೇಷನ್ನು, ಧಾರವಾಡಕ್ಕೆ ಬೇರೆ ಪಾಲಿಕೆ ಆಗ್ಬೇಕು ಅಂತ ನಡೆದ ಹೋರಾಟ, 2025ರ ಜನವರಿಲಿ ಸಂಪುಟ ಒಪ್ಪಿಗೆ ಕೊಟ್ಟಿದ್ದು, ಎಲ್ಲಾ ಹೇಳಿದ್ರು. ವಾಪಸ್ ಬರ್ತಾ ಕೆಸಿಡಿ (ಕರ್ನಾಟಕ ಕಾಲೇಜು) ಮುಂದೆ ನಿಂತ್ಕೊಂಡು "ನೋಡ್ರಿ, ಈ ಬಿಲ್ಡಿಂಗ್ ಮೊದಲ ಸದರ್ನ್ ಮರಾಠಾ ರೈಲ್ವೆ ಆಫೀಸ ಇತ್ತು, ಆಮ್ಯಾಲ ಕಾಲೇಜ್ ಆತು" ಅಂತ ನನಗೆ ಹಿಂದೆ ಎಷ್ಟೋ ಸಲ ಹೇಳಿದ್ದನ್ನೇ ಈ ಸಲ ನನ್ನ ಮಗಳಿಗೆ ಹೇಳಿದ್ರು, ಅವಳು ಕಣ್ಣರಳಿಸಿ ಕೇಳಿದ್ಲು.

ಊಟದ್ದು ಜಾಸ್ತಿ ಹೇಳಲ್ಲ, ಅಲ್ಲಿ ಇದ್ದೋರಿಗೆ ಗೊತ್ತು. ಒಂದು ಹೊತ್ತಾದ್ರೂ ಖಾನಾವಳಿಗೆ ಹೋಗಿ ಬಿಸಿ ರೊಟ್ಟಿ, ಎಣ್ಣಿಗಾಯಿ, ಮಡಿಕಿಕಾಳ ಪಲ್ಯ, ಶೇಂಗಾ ಹಿಂಡಿ ಗಟ್ಟಿ ಮೊಸರಲ್ಲಿ ಕಲಸ್ಕೊಂಡು ತಿನ್ನಿ, ಬಸಪ್ಪ ಖಾನಾವಳಿ ನೆನಪಿರೋರು ಅಲ್ಲಿಗೇ ಹೋಗಿ. ಸಾಯಂಕಾಲ ಗಿರ್ಮಿಟ್ ಮಿರ್ಚಿ. ಕಾಫಿ ಹುಡುಕ್ಬೇಡಿ, ಚಹಾ ಕುಡೀರಿ.

ಪುಸ್ತಕ ಓದೋರಾದ್ರೆ ಸುಭಾಸ ರೋಡಲ್ಲಿ ಮನೋಹರ ಗ್ರಂಥಮಾಲಾದ ಅಟ್ಟ ಹತ್ತದೇ ಬರ್ಬೇಡಿ. 1933ರಲ್ಲಿ ಶುರುವಾದ ಪ್ರಕಾಶನ, ಜಿ.ಬಿ. ಜೋಶಿಯವರು ಕಟ್ಟಿದ್ದು, ಗಿರೀಶ ಕಾರ್ನಾಡರ ಮೊದಲ ನಾಟಕ ಪ್ರಕಟ ಮಾಡಿದ್ದು ಇವ್ರೇ, ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ಅಂಥೋರು ಕೂತು ಮಾತಾಡಿದ ಜಾಗ ಅದು. ಮೆಟ್ಟಿಲು ಹತ್ತಿ ಮೇಲೆ ಹೋದ್ರೆ ಪುಸ್ತಕದ ವಾಸನೆ, ಯಾರೂ ಏನು ಬೇಕು ಅಂತ ಅವಸರ ಮಾಡಲ್ಲ. ಆದ್ರೆ ಆಯುಧ ಪೂಜೆಗಿಂತ ಮುಂಚೆನೇ ಹೋಗ್ಬಿಡಿ, ಆಮೇಲೆ ಸುಭಾಸ ರೋಡಲ್ಲಿ ಬಹಳಷ್ಟು ಅಂಗಡಿ ಬಂದ್ ಇರ್ತಾವೆ. ಅದೇ ದಿನ ಸಾಧನಕೇರಿಗೂ ಹೋಗಿ ಬೇಂದ್ರೆಯವರ ಮನೆ, ಬೇಂದ್ರೆ ಭವನ ನೋಡ್ಕೊಂಡು ಕೆರೆ ದಂಡೇಲಿ ಸ್ವಲ್ಪ ಹೊತ್ತು ಕೂತು ಬರಬಹುದು.

ಈಗ ಬನ್ನಿ ದಿನದ ವಿಷಯ. ಬೆಳಿಗ್ಗೆನೇ ಮಾರ್ಕೆಟ್ಟಲ್ಲಿ ಬನ್ನಿ ಎಲೆ ಸಿವುಡು ಕಟ್ಟಿ ಮಾರ್ತಿರ್ತಾರೆ, ಜಾಸ್ತಿನೇ ತಗೊಳ್ಳಿ, ಸಾಯಂಕಾಲದ ಹೊತ್ತಿಗೆ ರೇಟು ಏರುತ್ತೆ, ಎಲೆನೂ ಬಾಡಿರುತ್ತೆ. ಒದ್ದೆ ಬಟ್ಟೇಲಿ ಸುತ್ತಿಡಿ. ರಾತ್ರಿ ಊಟ ಅಂತ ಏನೂ ಇಟ್ಕೋಬೇಡಿ, ಒಂದೊಂದು ಮನೇಲೂ ಚೂಡಾ, ಉಂಡಿ, ಚಕ್ಕುಲಿ ಅಂತ ಫರಾಳ ಕೊಡ್ತಾರೆ, ಬೇಡ ಅಂದ್ರೆ ಅವರಿಗೆ ಬೇಜಾರು. ಸಕ್ಕರೆ ಕಾಯಿಲೆ ಇರೋರು ಮೊದಲೇ ಹೇಳ್ಬಿಡಿ. ದೂರದ ಮನೆಗಳನ್ನ ಮೊದಲು ಮುಗಿಸಿ, ಹತ್ರದೋರನ್ನ ಕೊನೆಗೆ ಇಟ್ಕೊಳ್ಳಿ, ಅಲ್ಲಿ ಕೂತ್ರೆ ಏಳೋಕೆ ಆಗಲ್ಲ. ನಾವು ಕೊನೆಗೆ ಹೋಗಿದ್ದು ನಮ್ಮ ಹಳೇ ಮನೆ ಮಾಲಕರ ಮನೆಗೆ. ಕಾಕಾ ತೀರ್ಕೊಂಡು ವರ್ಷಗಳೇ ಆದ್ವು, ಕಾಕು ಇದ್ದಾರೆ, ಎಂಬತ್ತು ದಾಟಿದೆ, ನಡುಮನೇಲಿ ತೂಗುಮಂಚದ ಮೇಲೆ ಕೂತಿದ್ರು. ನಮ್ಮಿಬ್ಬರ ನಮಸ್ಕಾರ ಆಗ್ತಿದ್ದಂಗೆ ಮಗಳನ್ನ ಪಕ್ಕಕ್ಕೆ ಕೂರಿಸ್ಕೊಂಡು, ಅವಳು ಕೊಟ್ಟ ಬನ್ನಿ ತಗೊಂಡು, ತಾವೂ ತಟ್ಟೆಯಿಂದ ಒಂದು ಎಸಳು ತೆಗೆದು ಅವಳ ಅಂಗೈಲಿಟ್ಟು ಎರಡೂ ಕೈಲಿ ಮುಷ್ಟಿ ಮುಚ್ಚಿ ಹಿಡ್ಕೊಂಡ್ರು. "ನೀ ಸಣ್ಣಾಕಿ ಇದ್ದಾಗ ನಿಮ್ಮವ್ವ ಒಳಗ ಅಡಿಗಿ ಮಾಡಾಕ ಹೋದ್ರ ನಾ ನಿನ್ನ ಇದರ ಮ್ಯಾಲ ಹಾಕಿ ತೂಗತಿದ್ನೆವಾ, ಈಗ ನೋಡ ಎಷ್ಟ ಉದ್ದ ಆಗಿ" ಅಂದ್ರು. ಬಿಟ್ಟಾಗ ಆ ಸಣ್ಣಸಣ್ಣ ಎಲೆಗಳು ಅವಳ ಬೆವರಿದ ಅಂಗೈಗೆ ಅಂಟ್ಕೊಂಡಿದ್ವು, ಅವಳು ಒರೆಸ್ಕೊಳ್ಳದೆ ಹಂಗೇ ಕೈ ಮಡಿಲಲ್ಲಿಟ್ಕೊಂಡು ಕೂತಿದ್ಲು. ನನ್ನ ಹೆಂಡ್ತಿ ಅಡಿಗೆಮನೆಗೆ ಹೋಗಿ ಚಹಾಕ್ಕಿಟ್ಲು, ಯಾರನ್ನೂ ಕೇಳ್ಲಿಲ್ಲ, ಸಕ್ಕರೆ ಡಬ್ಬಿ ಅದೇ ಶೆಲ್ಫಲ್ಲಿತ್ತಂತೆ.

ಒಂದು ಎಚ್ಚರಿಕೆ ಇಲ್ಲೇ ಹೇಳ್ಬೇಕು. ಬಹಳ ವರ್ಷ ಬಿಟ್ಟು ಹೋಗ್ತಿದ್ರೆ ಯಾರ ಮನೇಲಿ ಏನಾಗಿದೆ ಅಂತ ಮೊದಲೇ ಒಬ್ಬ ಗೆಳೆಯನ ಹತ್ರ ಕೇಳಿ ತಿಳ್ಕೊಳ್ಳಿ. ಸಾವಾಗಿ ವರ್ಷ ತುಂಬದ ಮನೇಲಿ ಹಬ್ಬ ಮಾಡಲ್ಲ, ಅಲ್ಲಿಗೆ ಬನ್ನಿ ಹಿಡ್ಕೊಂಡು ಹೋಗ್ಬಾರ್ದು. ನನ್ನ ಜೊತೆ ಒಂದೇ ಟೇಬಲ್ಲಲ್ಲಿ ಕೆಲಸ ಮಾಡಿದ ಗೆಳೆಯ ಮಳೆಗಾಲದಲ್ಲಿ ತೀರ್ಕೊಂಡಿದ್ದ, ನನಗೆ ಸುದ್ದಿ ಗೊತ್ತಿತ್ತು. ಹಬ್ಬ ಮುಗಿದ ಮಾರನೇ ದಿನ ಮಧ್ಯಾಹ್ನ ಬರಿಗೈಲಿ ಹೋಗಿ ಸುಮ್ನೆ ಕೂತೆ, ಅವನ ಹೆಂಡ್ತಿ ಅವನು ಆಫೀಸಿಗೆ ಒಯ್ತಿದ್ದ ಊಟದ ಡಬ್ಬಿ ವಿಷಯ ತೆಗೆದು ಒಂದು ಗಂಟೆ ಮಾತಾಡಿದ್ರು. ರಜೇಲಿ ಬಂದು ಇಂಥ ಮನೆಗೆ ಯಾಕೆ ಅಂತ ತಪ್ಪಿಸ್ಬೇಡಿ ದಯವಿಟ್ಟು, ಅವರಿಗೆ ಬೇಕಾಗಿರೋದು ಅವನ ಜೊತೆ ಕೆಲಸ ಮಾಡಿದೋರ ಬಾಯಲ್ಲಿ ಅವನ ಮಾತು.

ಪೇಢೆ ವಿಷಯಕ್ಕೆ ಬಂದ್ರೆ, ಜಿಐ ಟ್ಯಾಗ್ (ಇದು ಈ ಊರಿನದೇ ಅನ್ನೋ ಸರ್ಕಾರಿ ಗುರುತು) ಬಂದ ಮೇಲಂತೂ ಎಲ್ಲಾ ಕಡೆ ಧಾರವಾಡ ಪೇಢೆ ಅಂತ ಬೋರ್ಡ್ ಇರುತ್ತೆ. ಮಿಶ್ರಾ ಪೇಢಾ ಎಲ್ಲಿ ಬೇಕಾದ್ರೂ ಸಿಗುತ್ತೆ, ಅದನ್ನ ಹೊರಡೋ ದಿನ ತಗೊಂಡ್ರಾಯ್ತು. ಲೈನ್ ಬಜಾರದ ಠಾಕೂರ್ ಪೇಢೆ ಬೇಕು ಅಂದ್ರೆ ಅಂಗಡಿ ತೆಗೆಯೋ ಹೊತ್ತಿಗೇ ಹೋಗಿ ಪಾಳಿಲಿ ನಿಲ್ಬೇಕು, ಮಾಡಿದಷ್ಟು ಖರ್ಚಾದ್ರೆ ಮುಗೀತು. ಹಬ್ಬದ ದಿನ ಪಾಳಿ ಉದ್ದ, ಹಿಂದಿನ ದಿನವೇ ಗೆಳೆಯರನ್ನ ಕೇಳಿ ಟೈಮ್ ಖಚಿತ ಮಾಡ್ಕೊಳ್ಳಿ. ಹದವಾಗಿ ಕಂದು ಬಣ್ಣಕ್ಕೆ ಹುರಿದ ಖೋವಾ, ಬಾಯಿಗಿಟ್ರೆ ಸ್ವಲ್ಪ ಮರಳುಮರಳು, ನನಗಂತೂ ಅದೇ ಇಷ್ಟ.

ವಾಪಸ್ ಬರೋಕೂ ರಾತ್ರಿ ರಾಣಿ ಚೆನ್ನಮ್ಮನೇ ಅನುಕೂಲ, ಸಾಯಂಕಾಲ ಪೂರ್ತಿ ಸಿಗುತ್ತೆ. ಸ್ಟೇಷನ್ ಕಟ್ಟಡ ಹೊಸದು ಮಾಡಿದ್ದಾರೆ, ಮಾಳಮಡ್ಡಿಯಿಂದ ನಡೆದೇ ಹೋಗ್ಬಹುದು, ಬೇಡ ಅಂದ್ರೂ ಗೆಳೆಯರು ಬಿಡೋಕೆ ಬರ್ತಾರೆ, ಅರ್ಧ ಗಂಟೆ ಮುಂಚೆನೇ ಹೋಗಿ. ಮನೆಯಿಂದ ಹೊರಡುವಾಗ ಒಂದು ದೊಡ್ಡ ಖಾಲಿ ಚೀಲ ಮಡಚಿ ಇಟ್ಕೊಂಡಿರಿ. ನಮಗೆ ಪ್ಲಾಟ್‌ಫಾರ್ಮಲ್ಲೇ ಕಡಕ್ ರೊಟ್ಟಿ ಎರಡು ಕಟ್ಟು, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಕಾಕು ಕಳಿಸಿದ ಉಂಡಿ ಡಬ್ಬಿ ಬಂದು ಸೇರಿದ್ವು. ಕಡಕ್ ರೊಟ್ಟಿ ಮಾತ್ರ ಬಟ್ಟೆ ಬ್ಯಾಗಿಗೆ ತುರುಕ್ಬೇಡಿ, ಪೇಪರಲ್ಲಿ ಸುತ್ತಿ ಅಪ್ಪರ್ ಬರ್ತಲ್ಲಿ ತಲೆ ಹತ್ರ ಇಟ್ಕೊಂಡ್ರೆ ಬೆಂಗಳೂರಿನ ತನಕ ಮುರೀದಂಗೆ ಬರ್ತಾವೆ.